ಬಾಯೊಳಗಿನ ಬೆರಳು

ತೊಟ್ಟಿಲ ಕೂಸು ಬೆರಳು ಚೀಪುವುದನ್ನು ಕಂಡು ಮುಗುಳ್ನಗದ ಹಿರಿಯರಿಲ್ಲ. ಅದೇ ಕೂಸಿಗೆ ನಾಲ್ಕು ವರ್ಷ ತುಂಬಿಯೂ ಬೆರಳು ಬಾಯಿಂದ ಹೊರಬಾರದಿದ್ದರೆ ಅದೇ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ನಿನ್ನೆಯ ಮುದ್ದು ಇಂದಿನ ತಪ್ಪಾಗುವುದು ಹೀಗೆ. ಆ ಬೆರಳು ಏಕೆ ಬಾಯಿಗೆ ಹೋಯಿತೆಂದು ವಿಚಾರಿಸುವ ತಾಳ್ಮೆ ನಮ್ಮಲ್ಲಿ ಅನೇಕರಿಗಿಲ್ಲ, ನನಗಂತೂ ಇರಲಿಲ್ಲ.

ಮೂಡಲಗಿಗೆ ಕೊಟ್ಟ ಮಗಳು ಎರಡನೆಯ ಹೆರಿಗೆಗೆಂದು ಗೋಕಾಕದ ನಮ್ಮ ಮನೆಗೆ ಬಂದಿದ್ದಳು. ಜೊತೆಗೆ ನಾಲ್ಕೂವರೆ ವರ್ಷದ ಮೊಮ್ಮಗಳು. ಎಂದೋ ಬಿಟ್ಟುಹೋಗಿದ್ದ ಬೆರಳು ಚೀಪುವ ರೂಢಿ, ತಮ್ಮ ಹುಟ್ಟಿದ ವಾರದೊಳಗೆ ಅವಳಿಗೆ ಮರಳಿ ಬಂದಿತು. ಕತೆ ಕೇಳುವಾಗ, ನಿದ್ದೆ ಬರುವಾಗ, ಬಾಣಂತಿಯ ಕೋಣೆಯ ಬಾಗಿಲಿಗೆ ಒರಗಿ ನಿಂತಾಗ ಬಲಗೈಯ ಹೆಬ್ಬೆರಳು ತಾನಾಗಿ ಬಾಯಿ ಸೇರುತ್ತಿತ್ತು.

ಕೂಸನ್ನು ನೋಡಲು ಹುಕ್ಕೇರಿಯಿಂದ ಬಂದ ನನ್ನ ಅಕ್ಕ, “ಇದಕ್ಕೇನ್ ವಿಚಾರ ಮಾಡ್ತೀಯೋ ತಮ್ಮಾ? ಬೇವಿನೆಣ್ಣಿ ಹಚ್ಚು. ಬಿಡ್ಲಿಲ್ಲಂದ್ರ ಖಾರಾ ಹಚ್ಚು” ಎಂದಳು. ಬೇವಿನ ಕಹಿಯನ್ನು ಮೊಮ್ಮಗಳು ಅಂಗಿಗೆ ಒರಸಿ ಎರಡೇ ದಿನಗಳಲ್ಲಿ ಗೆದ್ದಳು. ಮೂರನೆಯ ರಾತ್ರಿ ನಾನು ಖಾರದ ಪುಡಿಯನ್ನು ನೀರಿನಲ್ಲಿ ಕಲಸಿ ಆ ಪುಟ್ಟ ಬೆರಳಿಗೆ ಹಚ್ಚಿದೆ. ನಿದ್ದೆಗಣ್ಣಿನಲ್ಲಿ ಅವಳು ಕಣ್ಣುಜ್ಜಿಕೊಂಡಳು. ಆ ಚೀತ್ಕಾರಕ್ಕೆ ಮನೆಯೆಲ್ಲ ಎದ್ದು ಕುಳಿತಿತು. ತಣ್ಣೀರಿನಿಂದ ಬಹಳ ಹೊತ್ತು ಕಣ್ಣು ತೊಳೆದೆವು. ಅಳು ನಿಂತ ಮೇಲೆ ಅವಳು ನನ್ನನ್ನು ನೋಡಲಿಲ್ಲ. ಎಡಗೈಯ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು ಗೋಡೆಯ ಕಡೆಗೆ ಹೊರಳಿ ಮಲಗಿದಳು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮಾಂಧಾತನ ಕತೆ ನೆನಪಾಯಿತು. ತಂದೆಯಾದ ಯುವನಾಶ್ವನ ಪಕ್ಕೆಯನ್ನು ಸೀಳಿ ಹುಟ್ಟಿದ ಆ ಶಿಶುವಿಗೆ ಮೊಲೆಯುಣಿಸುವ ತಾಯಿಯೇ ಇರಲಿಲ್ಲ. ಆಗ ಇಂದ್ರನು ತನ್ನ ತೋರುಬೆರಳನ್ನೇ ಅದರ ಬಾಯಿಗಿಟ್ಟನಂತೆ. ತಾಯಿಯಿಲ್ಲದಲ್ಲಿ ಬೆರಳೇ ತಾಯಿಯಾಯಿತು. ನಮ್ಮ ಮಗುವಿಗೆ ತಾಯಿ ಇದ್ದಳು, ಆದರೆ ಆ ಮಡಿಲಲ್ಲಿ ಈಗ ಇನ್ನೊಬ್ಬನಿದ್ದನು!

ವೈದ್ಯರ ಮಾತೂ ಇದಕ್ಕೆ ದೂರವಲ್ಲ. ಹೀರುವುದು ಶಿಶುವಿನ ಹುಟ್ಟುಗುಣ; ಗರ್ಭದಲ್ಲಿಯೇ ಬೆರಳು ಚೀಪುವ ಕೂಸುಗಳುಂಟು. ಬಹುತೇಕ ಮಕ್ಕಳು 2ರಿಂದ 4 ವರ್ಷಗಳೊಳಗೆ ಇದನ್ನು ತಾವಾಗಿಯೇ ಬಿಡುತ್ತಾರೆ. ಸುಮಾರು 6ನೆಯ ವರ್ಷಕ್ಕೆ ಶಾಶ್ವತ ಹಲ್ಲುಗಳು ಮೂಡತೊಡಗುತ್ತವೆ. ಆಗಲೂ ರೂಢಿ ಬಲವಾಗಿಯೇ ಉಳಿದರೆ ಮುಂದಿನ ಹಲ್ಲುಗಳು ಮುಂಚಾಚಿ, ಮೇಲಿನವೂ ಕೆಳಗಿನವೂ ಒಂದಕ್ಕೊಂದು ಕೂಡದೆ ಹೋಗಬಹುದು. ಹಾಗೆಂದು ಹೊಡೆತ, ಹಾಸ್ಯ, ಖಾರಗಳು ಔಷಧವಲ್ಲ. ದಿಗಿಲಿಗಾಗಿ ಬೆರಳನ್ನು ನಂಬಿದ ಮಗುವಿಗೆ ಅವು ಇನ್ನಷ್ಟು ದಿಗಿಲನ್ನೇ ಕೊಡುತ್ತವೆ.

ಮರುದಿನದಿಂದ ನಮ್ಮ ಕ್ರಮ ಬದಲಾಯಿತು. ಮಧ್ಯಾಹ್ನ ಕೂಸು ಮಲಗಿದಾಗ ಅರ್ಧ ತಾಸು ತಾಯಿಯ ಮಡಿಲು ಇವಳೊಬ್ಬಳದೇ. ಕತೆ ಕೇಳುವಾಗ ಕೈ ಬರಿದಾಗಿರಬಾರದೆಂದು ಎರಡೂ ಕೈಗಳಿಗೆ ನಮ್ಮೂರ ಹೆಸರಾದ ಬಣ್ಣದ ಕಟ್ಟಿಗೆಯ ಹಣ್ಣುಗಳನ್ನು ಕೊಟ್ಟೆ. ರಾತ್ರಿ ಹಿಡಿದುಕೊಳ್ಳಲು, ತಾಯಿಯ ಹಳೆಯ ಸೀರೆಗಳಿಂದ ಅಜ್ಜಿ ಹೊಲಿದ ಕೌದಿಯ ಅಂಚು. ಬೆರಳು ಬಾಯಿಗೆ ಹೋಗದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಅವಳೇ ಒಂದು ಕುಂಕುಮದ ಬೊಟ್ಟು ಇಡುವಳು. ಬೊಟ್ಟಿಲ್ಲದ ದಿನಕ್ಕೆ ಯಾರ ಬೈಗುಳವೂ ಇಲ್ಲ. ಮೊದಲ ವಾರ ಎರಡೇ ಬೊಟ್ಟುಗಳು. ಒಮ್ಮೆ ಜ್ವರ ಬಂದಾಗ ಎಲ್ಲವೂ ಹಿಂದಕ್ಕೆ ಹೋಯಿತು. ಆದರೂ ಏಳು ಬೊಟ್ಟುಗಳು ಸಾಲಾಗಿ ಬಿದ್ದ ವಾರ, ಕೊಟ್ಟ ಮಾತಿನಂತೆ ಘಟಪ್ರಭೆಯ ಜಲಪಾತಕ್ಕೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದೆ. ಮಳೆಗಾಲದ ಆ ಭೋರ್ಗರೆತಕ್ಕೆ ಹೆದರಿ ಅವಳ ಎರಡೂ ಕೈಗಳು ನನ್ನ ತಲೆಯನ್ನು ಅಪ್ಪಿಕೊಂಡವು.

ಮೂಡಲಗಿಗೆ ಹೊರಡುವ ದಿನ ಅಕ್ಕ ಮತ್ತೆ ಬಂದಿದ್ದಳು. ತೊಟ್ಟಿಲಲ್ಲಿ ಮೊಮ್ಮಗ ಮುಷ್ಟಿಯನ್ನೇ ಬಾಯಿಗಿಟ್ಟು ಚೀಪುತ್ತಿದ್ದನು. “ಇಂವಾನೂ ಸುರು ಮಾಡಿದ್ನಲ್ಲೋ!” ಎಂದು ಅಕ್ಕ ನಕ್ಕಳು. ಮೊಮ್ಮಗಳು ಓಡಿಬಂದು ತೊಟ್ಟಿಲಿಗೆ ಅಡ್ಡ ನಿಂತು ನನ್ನ ಮುಖ ನೋಡಿದಳು:

“ಖಾರಾ ಹಚ್ಚಬ್ಯಾಡ ಅಜ್ಜಾ, ಅಂವಾ ಇನ್ನೂ ಸಣ್ಣಾಂವ ಅದಾನ.”

ನಾನು ಮಾತನಾಡದೆ ತೊಟ್ಟಿಲನ್ನು ಮೆಲ್ಲಗೆ ತೂಗಿದೆ.