ಬೆಕ್ಕು ಕಾಯಿಲೆ ಬಿದ್ದಾಗ ವೈದ್ಯರನ್ನು ಬದಲಾಯಿಸತಕ್ಕ ಕ್ರಮ

(ವ್ಯವಸಾಯದ ಇನ್ಸ್‌ಪೆಕ್ಟರೊಬ್ಬರು, ಎಲ್. ಎಜಿ., ಬರೆದುದು)

ವ್ಯವಸಾಯದ ಪತ್ರಿಕೆಯಲ್ಲಿ ಬೆಕ್ಕಿನ ವಿಚಾರವೇಕೆಂದು ವಾಚಕ ಮಹಾಶಯರು ಆಶ್ಚರ್ಯಪಡಬಹುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ರಾಗಿಯನ್ನು ಮನೆಯಲ್ಲಿ ಕೂಡಿಡುವವರೂ, ರೇಷ್ಮೆ ಹುಳುಗಳನ್ನು ಸಾಕುವವರೂ, ಕರಾವಿನ ಹಸುಗಳಿಗಾಗಿ ಹಿಂಡಿ ಬೂಸಾ ಮೂಟೆಗಳನ್ನು ಒಟ್ಟಿಡುವವರೂ ಬಹು ಮಂದಿ ಇದ್ದಾರೆ. ಈ ಮೂರಕ್ಕೂ ಶತ್ರುವಾದುದು ಇಲಿ. ಇಲಿಯು ತಿನ್ನುವುದಕ್ಕಿಂತ ಹಿಕ್ಕೆ ಮೂತ್ರಗಳಿಂದ ಕೆಡಿಸುವುದೇ ಹೆಚ್ಚು. ಹುಳುಮನೆಗೆ ನುಗ್ಗಿದರೆ ಹುಳುವನ್ನೂ ಗೂಡನ್ನೂ ಬಿಡುವುದಿಲ್ಲ. ಅದರ ಮೂತ್ರದಿಂದ ಮನುಷ್ಯರಿಗೆ ಇಲಿಜ್ವರವೂ ಬರುತ್ತದೆ. ಹುಳುಮನೆಯಲ್ಲಿಯೂ ಹಸುವಿನ ಮೇವಿನ ಬಳಿಯಲ್ಲಿಯೂ ಪಾಷಾಣವಿಡುವುದು ಅಪಾಯಕರವಾದುದು. ಆದಕಾರಣ ಒಳ್ಳೆಯ ಬೆಕ್ಕೊಂದು ಮನೆಯಲ್ಲಿದ್ದರೆ ಸಂಬಳ ಕೇಳದ ಕಾವಲುಗಾರನಿದ್ದಂತೆ. ಅಂತಹ ಪ್ರಾಣಿಯು ಕಾಯಿಲೆ ಬಿದ್ದಾಗ ಚಿಕಿತ್ಸೆ ಮಾಡಿಸುವುದು ದಯೆಯ ಕಾರ್ಯವೂ ಹೌದು, ಗೃಹಕೃತ್ಯದ ಲೆಕ್ಕಕ್ಕೆ ಸೇರಿದುದೂ ಹೌದು.

ನಡೆದ ಒಂದು ಸಂಗತಿ

ಶ್ರೀನಿವಾಸಪುರದ ಕಡೆಯ ಒಬ್ಬ ಜಮೀನುದಾರರ ಮನೆಯಲ್ಲಿ ಆರು ವರ್ಷದ ಹೆಣ್ಣು ಬೆಕ್ಕೊಂದಿತ್ತು. ಹುಳುಮನೆಯ ಕಾವಲೆಲ್ಲವೂ ಅದರದೇ. ಒಂದು ದಿನ ಅದು ಜ್ವರದಿಂದ ಮಂಕಾಗಿ ಮೂಲೆ ಸೇರಿತು. ಅನ್ನ ನೀರು ಬಿಟ್ಟಿತು. ಯಜಮಾನರು ಹತ್ತಿರದ ಪಶುವೈದ್ಯರಲ್ಲಿಗೆ ಒಯ್ದರು. ಅವರು ಪರೀಕ್ಷಿಸಿ, ಎರಡು ಚುಚ್ಚುಮದ್ದುಗಳನ್ನು ಕೊಟ್ಟು, ಚೀಟಿ ಬರೆದು, ಮೂರನೆಯ ದಿನ ಮತ್ತೆ ತರಬೇಕೆಂದು ಹೇಳಿದರು. ಮರುದಿನವೂ ಬೆಕ್ಕು ಏಳಲಿಲ್ಲ. ಅಂದು ನಾನು ಬೇರೆ ಕೆಲಸದ ಮೇಲೆ ಆ ಗ್ರಾಮಕ್ಕೆ ಹೋಗಿದ್ದೆನು.

“ಸ್ವಾಮಿ, ಸೂಜಿ ಹಾಕಿಸಿದರೂ ಗುಣ ಕಾಣಲಿಲ್ಲ, ಏನು ಮಾಡೋಣ?” ಎಂದು ಯಜಮಾನರು ಕೇಳಲು, “ಪೇಟೆಯಲ್ಲಿ ಬೇರೆ ವೈದ್ಯರಿದ್ದಾರೆ, ಅವರಿಗೆ ತೋರಿಸಿ” ಎಂದು ನಾನು ಸಲೀಸಾಗಿ ಹೇಳಿಬಿಟ್ಟೆನು. ಹಳೆಯ ಚೀಟಿಯನ್ನು ಜೊತೆಗೆ ಒಯ್ಯಿರೆಂದು ಹೇಳಲಿಲ್ಲ. ಯಜಮಾನರಿಗೆ ಬಿಡುವಿಲ್ಲದ್ದರಿಂದ ತೋಟದ ಆಳು ಬೆಕ್ಕನ್ನು ಬುಟ್ಟಿಯಲ್ಲಿ ಒಯ್ದನು. ಹೊಸ ವೈದ್ಯರು ಹಿಂದೆ ಏನಾದರೂ ಕೊಡಿಸಿದ್ದುಂಟೋ ಎಂದು ಕೇಳಿದರು. ಆ ಬಡವನಿಗೇನು ಗೊತ್ತು? “ಏನೂ ಇಲ್ಲ ಬುದ್ಧಿ” ಎಂದನು. ಅವರು ಜ್ವರವನ್ನೂ ನೋವನ್ನೂ ಇಳಿಸುವ ಮದ್ದನ್ನು ಕೊಟ್ಟರು. ಹಿಂದಿನ ದಿನ ಮೊದಲನೆಯವರು ಕೊಟ್ಟಿದ್ದುದೂ ಅದೇ ಜಾತಿಯ ಮದ್ದು.

ಎರಡು ದಿನಗಳಲ್ಲಿ ಬೆಕ್ಕಿಗೆ ವಾಂತಿ ಹಿಡಿದು ಮೂತ್ರ ನಿಂತುಹೋಯಿತು. ಮರಳಿ ಒಯ್ಯುವಾಗ ಯಜಮಾನರೇ ಹೋದರು, ಚೀಟಿಯೂ ಹೋಯಿತು. ವೈದ್ಯರು ಅದನ್ನು ಓದಿ, “ಈ ಚೀಟಿ ಮೊನ್ನೆಯೇ ಬರಬೇಕಾಗಿತ್ತು” ಎಂದಷ್ಟೇ ಹೇಳಿದರು. ಬೆಕ್ಕು ಉಳಿಯಲಿಲ್ಲ. ಇಬ್ಬರು ವೈದ್ಯರಲ್ಲಿ ಯಾರದೂ ತಪ್ಪಿರಲಿಲ್ಲ. ಅವರಿಬ್ಬರ ನಡುವೆ ಹೋಗಬೇಕಾಗಿದ್ದ ಒಂದು ತುಂಡು ಕಾಗದವು ಮನೆಯ ಗೂಡಿನಲ್ಲಿಯೇ ಉಳಿದುದು ತಪ್ಪು. ಅರ್ಧ ಸಲಹೆಯನ್ನು ಕೊಟ್ಟ ನನ್ನದೂ ತಪ್ಪು. ಈ ಲೇಖನಕ್ಕೆ ಅದೇ ಕಾರಣ.

ಬೆಕ್ಕಿನ ದೇಹದ ವಿಶೇಷ

ಸಾಮಾನ್ಯ ಬೆಕ್ಕಿನ ತೂಕ 3ರಿಂದ 4 ಕಿಲೋಗ್ರಾಂ. ಸೀಮೆಹಸುವಿನ ತೂಕದ ನೂರನೆಯ ಒಂದು ಪಾಲು. ಹಸುವಿಗೆ ಕೊಡುವ ಮದ್ದಿನಲ್ಲಿ ಕೆಲವು ಹನಿ ಹೆಚ್ಚು ಕಡಮೆಯಾದರೆ ಬಾಧಕವಿಲ್ಲ. ಬೆಕ್ಕಿಗೆ ಅದೇ ಪ್ರಾಣಾಂತಿಕವಾಗಬಹುದು. ಇದಲ್ಲದೆ, ಮನುಷ್ಯರ ಮತ್ತು ನಾಯಿಗಳ ಪಿತ್ತಜನಕಾಂಗವು ಸುಲಭವಾಗಿ ಕರಗಿಸಿ ಹೊರಹಾಕುವ ಎಷ್ಟೋ ಪದಾರ್ಥಗಳನ್ನು ಬೆಕ್ಕಿನ ಪಿತ್ತಜನಕಾಂಗವು ಕರಗಿಸಲಾರದು. ಮೇಲಿನ ಸಂಗತಿಯಲ್ಲಿ ಕಂಡ ಮೆಲಾಕ್ಸಿಕಾಮ್ ಮುಂತಾದ ನೋವಿನ ಮದ್ದುಗಳನ್ನು ವೈದ್ಯರು ಅಳತೆಯರಿತು ಕೊಟ್ಟಾಗ ಉಪಯುಕ್ತವಾದುವೇ. ಆದರೆ ನೀರು ಕುಡಿಯದೆ ಒಣಗಿದ ಬೆಕ್ಕಿಗೆ ಒಂದರ ಮೇಲೊಂದು ಬಿದ್ದರೆ ಮೂತ್ರಪಿಂಡಗಳು ಕೆಡುತ್ತವೆ. ಆದಕಾರಣ ಈ ಕೆಳಗಿನವುಗಳನ್ನು ಮನೆಯವರು ತಾವಾಗಿಯೇ ಎಂದಿಗೂ ಉಪಯೋಗಿಸತಕ್ಕದ್ದಲ್ಲ:

1. ಮನುಷ್ಯರ ಜ್ವರದ ಮಾತ್ರೆಯಾದ ಪ್ಯಾರಾಸಿಟಮಾಲ್. ಒಂದೇ ಮಾತ್ರೆಯು ಬೆಕ್ಕನ್ನು ಕೊಲ್ಲಬಲ್ಲುದು. ರಕ್ತವು ಕಂದುಬಣ್ಣಕ್ಕೆ ತಿರುಗಿ, ವಸಡುಗಳು ಕಪ್ಪಿಟ್ಟು, ಮುಖ ಊದಿ, ಉಸಿರು ಕಟ್ಟುತ್ತದೆ.

2. ಹಸುಗಳ ಉಣ್ಣೆಗೆ ಬಳಿಯುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದ ಔಷಧಗಳು. ಕೊಟ್ಟಿಗೆಗೆ ತಂದುದರಲ್ಲಿ ಸ್ವಲ್ಪ ಬೆಕ್ಕಿಗೂ ಸವರುವ ಪದ್ಧತಿ ಬಿಟ್ಟುಹೋಗಬೇಕು. ಬೆಕ್ಕು ಮೈ ನೆಕ್ಕಿಕೊಳ್ಳುವ ಪ್ರಾಣಿ. ನಡುಕ ಹಿಡಿದು ಸಾಯುತ್ತದೆ.

3. ಚಿಗಟ ಹೋಗಲೆಂದು ಫಿನಾಯಿಲ್ ನೀರಿನಲ್ಲಿ ತೊಳೆಯುವುದು.

ಇವುಗಳಲ್ಲಿ ಯಾವುದಾದರೂ ಈಗಾಗಲೇ ನಡೆದುಹೋಗಿದ್ದರೆ ನಾಚಿಕೆಪಟ್ಟು ಮುಚ್ಚಿಡದೆ ವೈದ್ಯರಿಗೆ ಮೊದಲ ಮಾತಿನಲ್ಲಿಯೇ ತಿಳಿಸಬೇಕು. ವೈದ್ಯ ಹೇಳಿದ್ದೂ ಹಾಲು ಅನ್ನ, ರೋಗಿ ಬಯಸಿದ್ದೂ ಹಾಲು ಅನ್ನ ಎಂಬ ಗಾದೆಯೂ ಬೆಕ್ಕಿಗೆ ಸಲ್ಲದು. ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಹಸುವಿನ ಹಾಲು ಜೀರ್ಣವಾಗದೆ ಭೇದಿಯನ್ನು ಹೆಚ್ಚಿಸುತ್ತದೆ.

ತಡಮಾಡಬಾರದ ಸಂದರ್ಭಗಳು

ಆರೋಗ್ಯವಾದ ಬೆಕ್ಕಿನ ಮೈಶಾಖ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮಲಗಿದ್ದಾಗ ನಿಮಿಷಕ್ಕೆ 20ರಿಂದ 30 ಸಲ ಉಸಿರಾಡುತ್ತದೆ. ಗಡಿಯಾರ ಹಿಡಿದು ಪಕ್ಕೆಯ ಏರಿಳಿತವನ್ನು ಯಾರಾದರೂ ಎಣಿಸಬಹುದು. 40ಕ್ಕೆ ಮೀರಿದರೂ, ಬಾಯಿ ತೆರೆದು ಉಸಿರಾಡಿದರೂ ಆ ಕ್ಷಣವೇ ವೈದ್ಯರಲ್ಲಿಗೆ ಒಯ್ಯಬೇಕು. ಗಂಡು ಬೆಕ್ಕು ಪದೇಪದೇ ಕುಕ್ಕರಿಸಿ ಮುಕ್ಕಿದರೂ ಮೂತ್ರ ಬಾರದಿದ್ದರೆ ಮಲಬದ್ಧತೆಯೆಂದು ಎಣ್ಣೆ ಕುಡಿಸುತ್ತ ಕೂರಬಾರದು. ಒಂದು ದಿನ ಕಳೆದರೆ ಪ್ರಾಣಾಪಾಯವುಂಟು. ಎರಡು ಮೂರು ದಿನ ಏನನ್ನೂ ತಿನ್ನದಿದ್ದರೆ, ಅದರಲ್ಲಿಯೂ ಕೊಬ್ಬಿದ ಬೆಕ್ಕಾದರೆ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಬೇರೊಂದು ರೋಗವೇ ಉಂಟಾಗುತ್ತದೆ. ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದಿರಬಹುದೆಂಬ ಸಂದೇಹವಿದ್ದರೆ ಪಾಷಾಣದ ಪೊಟ್ಟಣವನ್ನೂ ಒಯ್ಯಬೇಕು. ಕೆಲವು ಪಾಷಾಣಗಳಿಗೆ ತಕ್ಕ ಪ್ರತಿವಿಷ ಉಂಟು, ಕೆಲವಕ್ಕೆ ಇಲ್ಲ. ಇಂತಹ ಸಂದರ್ಭಗಳಲ್ಲಿ ಹತ್ತಿರದಲ್ಲಿರುವ ವೈದ್ಯರೇ ಒಳ್ಳೆಯ ವೈದ್ಯರು. ಹೊಸಬರು ಹಳಬರೆಂಬ ವಿಚಾರ ಆಮೇಲಿನದು.

ಯಾವಾಗ ಬದಲಾಯಿಸಬಹುದು

ಒಂದೇ ದಿನದಲ್ಲಿ ಗುಣ ಕಾಣಲಿಲ್ಲವೆಂದೋ ನೆರೆಯವರು ಹೇಳಿದರೆಂದೋ ವೈದ್ಯರನ್ನು ಬದಲಾಯಿಸುವುದು ಸರಿಯಲ್ಲ. ಅನೇಕ ಮದ್ದುಗಳ ಫಲ ತಿಳಿಯಲು ಎರಡು ಮೂರು ದಿನಗಳು ಬೇಕು. ಮೊದಲು ಅದೇ ವೈದ್ಯರಿಗೆ “ಇಂತಿಷ್ಟು ದಿನವಾಯಿತು, ಸ್ಥಿತಿ ಹೀಗಿದೆ” ಎಂದು ತಿಳಿಸತಕ್ಕದ್ದು. ರೋಗ ಹೆಚ್ಚುತ್ತಿದ್ದರಂತೂ ಹೇಳಿದ ದಿನಕ್ಕಾಗಿ ಕಾಯದೆ ತಿಳಿಸಬೇಕು. ಅಷ್ಟಾದರೂ ಸುಧಾರಣೆ ಕಾಣದಿದ್ದರೆ, ಅಥವಾ ರಕ್ತಪರೀಕ್ಷೆ, ಎಕ್ಸ್‌ರೇ, ಶಸ್ತ್ರಚಿಕಿತ್ಸೆಗಳ ಅನುಕೂಲ ಅಲ್ಲಿಲ್ಲದಿದ್ದರೆ, ಅಥವಾ ವೈದ್ಯರಿಗೆ ವರ್ಗವಾಗಿದ್ದರೆ ಬದಲಾಯಿಸುವುದು ನ್ಯಾಯವೇ. ನಮ್ಮ ತಾಲ್ಲೂಕುಗಳ ಪಶುವೈದ್ಯರಲ್ಲಿಗೆ ಬರುವವುಗಳಲ್ಲಿ ಬಹುಪಾಲು ಹಸು, ಎಮ್ಮೆ, ಕುರಿ, ಮೇಕೆಗಳು, ಬೆಕ್ಕು ಅಪರೂಪ. “ಇದನ್ನು ದೊಡ್ಡ ಆಸ್ಪತ್ರೆಗೆ ಒಯ್ಯಿರಿ” ಎಂದು ವೈದ್ಯರೇ ಹೇಳಿದರೆ ಅದನ್ನು ಅವರ ಅಸಾಮರ್ಥ್ಯವೆಂದು ತಿಳಿಯದೆ ಪ್ರಾಮಾಣಿಕತೆಯೆಂದು ತಿಳಿಯಬೇಕು. 1958ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಸಣ್ಣ ಪ್ರಾಣಿಗಳ ಚಿಕಿತ್ಸೆಗೂ ಏರ್ಪಾಡುಂಟು. ಮಾಲೂರು ಕೋಲಾರಗಳವರು ಬೆಳಗ್ಗೆ ಹೊರಟರೆ ಸಂಜೆಗೆ ಹಿಂದಿರುಗಬಹುದು.

ಬದಲಾಯಿಸುವುದಾದರೆ ಕಲಿತ ವೈದ್ಯರಿಂದ ಕಲಿತ ವೈದ್ಯರಿಗೇ ಬದಲಾಯಿಸಬೇಕು. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ಕಾಯಿದೆಯ ಮೇರೆಗೆ, ರಿಜಿಸ್ಟರಾದ ವೈದ್ಯರಿಗೆ ಮಾತ್ರ ಪಶುಚಿಕಿತ್ಸೆ ನಡೆಸುವ ಹಕ್ಕುಂಟು. ತರಬೇತಾದ ಇತರ ಸಿಬ್ಬಂದಿಯವರು ಅವರ ಮೇಲ್ವಿಚಾರಣೆಯಲ್ಲಿ ಕೆಲವು ಸಣ್ಣ ಉಪಚಾರಗಳನ್ನು ಮಾಡಬಹುದು. ಚೀಲದಲ್ಲಿ ಸೂಜಿ ಇಟ್ಟುಕೊಂಡು ಮನೆಮನೆ ತಿರುಗುವವರು ವೈದ್ಯರಲ್ಲ. ಅವರು ಚೀಟಿ ಬರೆದುಕೊಡದಿರುವುದೇ ಅವರ ಗುರುತು.

ಹೊಸ ವೈದ್ಯರಲ್ಲಿಗೆ ಹೋಗುವ ಕ್ರಮ

1. ಹಳೆಯ ಚೀಟಿಗಳು, ಖಾಲಿ ಮದ್ದಿನ ಸೀಸೆಗಳು, ಮಾತ್ರೆಯ ಪಟ್ಟಿಗಳು, ಪರೀಕ್ಷೆಯ ವರದಿಗಳು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಒಯ್ಯಬೇಕು. ಚೀಟಿ ಕಳೆದಿದ್ದರೆ ಹಳೆಯ ವೈದ್ಯರನ್ನು ಕೇಳಿ ಪಡೆಯಬೇಕು. ದೂರವಾಣಿಯಲ್ಲಿ ಇಬ್ಬರು ವೈದ್ಯರೂ ಮಾತನಾಡಿಕೊಂಡರೆ ಇನ್ನೂ ಉತ್ತಮ.

2. ಒಂದು ಕಾಗದದ ಮೇಲೆ ಹೀಗೆ ಬರೆಯಬೇಕು: ಬೆಕ್ಕಿನ ವಯಸ್ಸು, ಗಂಡೋ ಹೆಣ್ಣೋ, ಗಬ್ಬವೋ, ಕಾಯಿಲೆ ಕಂಡ ದಿನ, ಕಡೆಯದಾಗಿ ತಿಂದುದು, ಕುಡಿದುದು, ಮೂತ್ರ ಮಾಡಿದುದು ಯಾವಾಗ, ಯಾವ ಮದ್ದು, ಯಾವ ದಿನ, ಎಷ್ಟು ಗಂಟೆಗೆ, ಹಾಕಿಸಿದ ಲಸಿಕೆಗಳು, ಮನೆಯಲ್ಲಿ ಮಾಡಿದ ಔಷಧ.

3. ಬೆಕ್ಕನ್ನು ದಿನವೂ ನೋಡುವವರೇ ಜೊತೆಗೆ ಹೋಗಬೇಕು. ಅದಕ್ಕೆ ಅನ್ನ ಹಾಕುವ ಮನೆಯ ಹೆಂಗಸರಿಗೆ ತಿಳಿದಿರುವಷ್ಟು ಯಜಮಾನರಿಗೆ ತಿಳಿದಿರುವುದಿಲ್ಲ. ಆಳಿಗೆ ಅದೂ ತಿಳಿದಿರುವುದಿಲ್ಲ.

4. ಗಾಳಿಯಾಡುವ ಮುಚ್ಚಳದ ಬುಟ್ಟಿಯಲ್ಲಿ ಹಳೆಯ ಬಟ್ಟೆ ಹಾಸಿ ಒಯ್ಯಬೇಕು. ಗೋಣಿಚೀಲದಲ್ಲಿ ಕಟ್ಟಿ ಒಯ್ಯಬಾರದು. ನಾಯಿಗಳಿಂದ ದೂರವಿರಿಸಬೇಕು.

5. ಹಳೆಯ ಮದ್ದನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಹೊಸ ವೈದ್ಯರನ್ನೇ ಕೇಳಬೇಕು. ಎರಡೂ ಇರಲೆಂದು ಎರಡನ್ನೂ ಕೊಡುವುದು ಅತ್ಯಂತ ಅಪಾಯಕರ.

6. ಹೊಸಬರ ಮುಂದೆ ಹಳಬರನ್ನು ನಿಂದಿಸಬಾರದು. ನಾಳೆ ನಡುರಾತ್ರಿಯಲ್ಲಿ ಹಸು ಕರು ಹಾಕಲಾರದೆ ಒದ್ದಾಡುವಾಗ ಬರಬೇಕಾದವರು ಆ ಹತ್ತಿರದ ವೈದ್ಯರೇ. “ಗುಣವಾಗಲಿಲ್ಲ, ಇನ್ನೊಬ್ಬರಿಗೂ ತೋರಿಸುತ್ತೇನೆ, ಚೀಟಿ ಕೊಡಿ ಸ್ವಾಮಿ” ಎಂದು ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಪಡುವುದಿಲ್ಲ.

ಹುಚ್ಚಿನ ವಿಷಯದಲ್ಲಿ ಎಚ್ಚರಿಕೆ

ಸಾಧುವಾದ ಬೆಕ್ಕು ಇದ್ದಕ್ಕಿದ್ದಂತೆ ಮೇಲೆ ಬಿದ್ದು ಕಚ್ಚಿದರೆ, ಕೂಗು ಒಡೆದು ಜೊಲ್ಲು ಸುರಿದರೆ, ನುಂಗಲಾರದೆ ಹೋದರೆ, ಕಾಲು ಸೋತರೆ ಅದು ಹುಚ್ಚುನಾಯಿ ಕಚ್ಚಿದುದರ ಫಲವಿರಬಹುದು. ಆಗ ಬಾಯಿ ತೆರೆದು ಮದ್ದು ಹಾಕಬಾರದು. ಕಂಕುಳಲ್ಲಿಟ್ಟುಕೊಂಡು ಒಬ್ಬ ವೈದ್ಯರಿಂದ ಇನ್ನೊಬ್ಬರಲ್ಲಿಗೆ ಅಲೆಯಲೂಬಾರದು. ಸಾಧ್ಯವಾದರೆ ಕೋಣೆಯಲ್ಲಿ ಕೂಡಿ ಪಶುವೈದ್ಯರಿಗೆ ಸುದ್ದಿ ಕಳುಹಿಸಬೇಕು. ಯಾರಿಗಾದರೂ ಕಚ್ಚಿದ್ದರೆ ಅಥವಾ ಪರಚಿದ್ದರೆ ಗಾಯವನ್ನು ಹರಿಯುವ ನೀರು ಸಾಬೂನುಗಳಿಂದ 15 ನಿಮಿಷ ತೊಳೆದು, ಸುಣ್ಣ, ಅರಿಸಿನ, ಮೆಣಸಿನಪುಡಿಗಳನ್ನು ಹಚ್ಚದೆ, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಪ್ರಾರಂಭಿಸಿ, ಹೇಳಿದ ಎಲ್ಲ ದಿನಗಳಂದೂ ತಪ್ಪದೆ ಹಾಕಿಸಿಕೊಳ್ಳಬೇಕು. ಫ್ರಾನ್ಸಿನ ಲೂಯಿ ಪಾಸ್ತರರು 1885ರಲ್ಲಿ ಮೊದಲ ಬಾರಿಗೆ ಒಬ್ಬ ಬಾಲಕನಿಗೆ ಈ ಲಸಿಕೆಯನ್ನು ಕೊಟ್ಟರು. ಆದರೂ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಉಳಿಸುವ ಔಷಧವು ಇಂದಿಗೂ ಇಲ್ಲವೆಂದೇ ಹೇಳಬೇಕು. ಬೆಕ್ಕಿಗೆ ಮೂರು ತಿಂಗಳಾದಾಗ ಹುಚ್ಚಿನ ಲಸಿಕೆಯನ್ನು ಹಾಕಿಸಿ, ಮುಂದೆ ವೈದ್ಯರು ತಿಳಿಸಿದ ಕಾಲಕ್ಕೆ ಮತ್ತೆ ಹಾಕಿಸುತ್ತಿದ್ದರೆ ಈ ಭಯವೇ ಇರದು.

ದನಗಳಿಗೂ ಇದೇ ನ್ಯಾಯ

ಇಲ್ಲಿ ಬೆಕ್ಕಿಗೆ ಹೇಳಿದುದೆಲ್ಲವೂ ಕೊಟ್ಟಿಗೆಗೂ ಸಲ್ಲುತ್ತದೆ. ಕೆಚ್ಚಲುಬಾವಿಗೆ ಒಬ್ಬರು ಪ್ರಾರಂಭಿಸಿದ ಔಷಧವನ್ನು ಅರ್ಧದಲ್ಲಿ ಬಿಟ್ಟು ಇನ್ನೊಬ್ಬರಲ್ಲಿಗೆ ಓಡಿದರೆ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಯಾವ ದಿನ ಯಾವ ಮದ್ದು ಕೊಟ್ಟರೆಂಬ ಲೆಕ್ಕ ತಪ್ಪಿದರೆ, ಸಂಘಕ್ಕೆ ಹಾಕದೆ ಎಷ್ಟು ದಿನ ಹಾಲನ್ನು ನಿಲ್ಲಿಸಬೇಕೆಂಬುದೂ ತಪ್ಪುತ್ತದೆ. ಆ ಹಾಲನ್ನು ಕುಡಿಯುವವರು ನಮ್ಮವರ ಮಕ್ಕಳೇ. ದನಗಳಿಗೆ ತುರ್ತು ಚಿಕಿತ್ಸೆ ಬೇಕಾದಾಗ 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಸಂಚಾರಿ ಚಿಕಿತ್ಸಾ ವಾಹನವನ್ನು ಕೇಳಬಹುದು. ಆ ವೈದ್ಯರ ಕೈಗೂ ಮೊದಲು ಹಳೆಯ ಚೀಟಿಯನ್ನೇ ಕೊಡಬೇಕು.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಊರಿನಲ್ಲಿ ಪ್ರಾಣಿ ಕಾಯಿಲೆ ಬಿದ್ದರೆ ಜನರು ಮೊದಲು ಬಂದು ಕೇಳುವುದು ತಮ್ಮಂತಹ ಹಿರಿಯರನ್ನು. “ಬೇರೆಯವರಿಗೆ ತೋರಿಸು” ಎಂಬ ಮಾತು ತಮ್ಮ ಬಾಯಿಂದ ಬಂದರೆ ಅದರೊಡನೆಯೇ “ಚೀಟಿ ತೆಗೆದುಕೊಂಡು ಹೋಗು” ಎಂಬ ಮಾತೂ ಬರಲಿ. ಪ್ರತಿ ಮನೆಯಲ್ಲಿಯೂ ಎರಡಾಣೆಯ ಮೌಲ್ಯವೂ ಇಲ್ಲದ ಒಂದು ಹಳೆಯ ಲೆಕ್ಕದ ಪುಸ್ತಕವನ್ನು ಕೊಟ್ಟಿಗೆಯ ಗೋಡೆಗೆ ದಾರದಿಂದ ಕಟ್ಟಿ, ದನ, ಕುರಿ, ನಾಯಿ, ಬೆಕ್ಕುಗಳಿಗೆ ಕೊಡಿಸಿದ ಮದ್ದನ್ನು ತಾರೀಖಿನೊಡನೆ ಬರೆಯಿಸಲಿ. ಶ್ರೀನಿವಾಸಪುರದ ಆ ಯಜಮಾನರು ಈಗ ಹಾಗೆ ಮಾಡುತ್ತಿದ್ದಾರೆ. ಕಳೆದ ಸಲ ಹೋದಾಗ ಅದನ್ನು ನನಗೆ ತೋರಿಸಿದರು. ಹುಳುಮನೆಯ ಬಾಗಿಲಲ್ಲಿ ಮರಿಬೆಕ್ಕೊಂದು ಮಲಗಿತ್ತು. ಪುಸ್ತಕದ ಮೊದಲ ಪುಟದಲ್ಲಿ ಅದರ ಲಸಿಕೆಯ ತಾರೀಖಿತ್ತು.