ಮುಟ್ಟು ನಿಲ್ಲುವ ವಯಸ್ಸು: ಉಮ್ಮಂದಿರು ಸಹಿಸಿಕೊಂಡೇ ಇರಬೇಕೇ?

"ಒಂದೂವರಿ ವರ್ಷ ಆಗಿತ್ರೀ ನಿಂತು. ಈಗ ಮತ್ತ ಶುರು ಆಗೇದ. ನಮಾಜ್ ಬಿಡಬೇಕೇನು, ಉಸ್ತಾದರನ್ನ ಕೇಳಿ ಹೇಳ್ರಿ."

ನಾವು ಮದ್ರಸ ಕಲಿಸುವ ಬಸವನ ಬಾಗೇವಾಡಿಯಲ್ಲಿ, ನಮ್ಮ ಮನೆಯಾಕೆ ನಡೆಸುವ ಹೆಂಗಸರ ಕ್ಲಾಸಿಗೆ ಬರುವ ಒಬ್ಬ ತಾಯಿ ಕೇಳಿದ ಮಾತಿದು. ವಯಸ್ಸು ಐವತ್ತರ ಹತ್ತಿರ. ಅವರಿಗೆ ಬೇಕಿದ್ದದ್ದು ಮಸ್ಅಲ. ಕಿತಾಬು ತೆರೆದು ನಾವು ಉತ್ತರ ಹೇಳಬಹುದಿತ್ತು. ಆದರೆ ಅದಕ್ಕಿಂತ ಮೊದಲು ಹೇಳಿಕಳುಹಿಸಿದ್ದು ಒಂದೇ: "ನಾಳೆಯೇ ಹೆಣ್ಣುಮಕ್ಕಳ ಡಾಕ್ಟರಿಗೆ ತೋರಿಸಿ." ಸ್ಕ್ಯಾನ್ ಮಾಡಿದಾಗ ಗರ್ಭಕೋಶದೊಳಗೆ ಸಣ್ಣ ಗಡ್ಡೆ ಕಂಡಿತು. ಅದನ್ನು ತೆಗೆದರು. ಅಲ್‌ಹಂದುಲಿಲ್ಲಾಹ್, ಕ್ಯಾನ್ಸರ್ ಆಗಿರಲಿಲ್ಲ.

ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ನಮ್ಮ ದೇಶದಲ್ಲಿ ಹೆಚ್ಚಿನವರಿಗೆ ಇದು 45ರಿಂದ 50ರ ಒಳಗೆ ಬರುತ್ತದೆ. ಹಾಗೆ ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು "ಮುಟ್ಟು ತಿರುಗಿ ಬಂತು" ಎಂದು ಬಿಡಬಾರದು. ಹೆಚ್ಚಿನ ಸಲ ಕಾರಣ ಸಣ್ಣದೇ ಇರುತ್ತದೆ. ಕೆಲವರಲ್ಲಿ ಮಾತ್ರ ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತು. ಬೇಗ ಗೊತ್ತಾದರೆ ಗುಣವಾಗುತ್ತದೆ, ನಾಚಿಕೆಯಿಂದ ಮುಚ್ಚಿಟ್ಟರೆ ಕಷ್ಟ.

ಉಳಿದ ತೊಂದರೆಗಳು ಎಲ್ಲರ ಮನೆಯಲ್ಲೂ ಇವೆ. ಇದ್ದಕ್ಕಿದ್ದಂತೆ ಎದೆ, ಕತ್ತು, ಮುಖಕ್ಕೆ ಬಿಸಿ ಏರುವುದು, ರಾತ್ರಿ ಬೆವರಿ ಎಚ್ಚರವಾಗುವುದು, ಎದೆ ಡವಗುಟ್ಟುವುದು, ಸಿಟ್ಟು, ಮರೆವು, ಮೂತ್ರದ ಉರಿ. ಅಂಡಾಶಯದಲ್ಲಿ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗುವುದೇ ಇದಕ್ಕೆ ಕಾರಣ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಒಲೆ ಮುಂದೆ ರೊಟ್ಟಿ ಬಡಿಯುವ ಹೆಂಗಸಿಗೆ ಆ ಬಿಸಿ ಏನೆಂದು ಗಂಡಸರಾದ ನಾವು ಯೋಚಿಸಿದ್ದು ಕಡಿಮೆ. "ಉಮ್ಮನಿಗೆ ಈಗೀಗ ಭಾರೀ ಕೋಪ" ಎಂದು ನಗುತ್ತೇವೆ, ಅಷ್ಟೇ.

ಮನೆಯಲ್ಲಿ ಮಾಡಬಹುದಾದದ್ದು ಬೇಕಷ್ಟಿದೆ. ತೆಳು ಹತ್ತಿ ಬಟ್ಟೆ, ಗಾಳಿಯಾಡುವ ಕೋಣೆ. ಚಹಾ, ಕಾಫಿ, ಖಾರ ಕಡಿಮೆ. ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ. ಈ ವಯಸ್ಸಿನಲ್ಲಿ ಮೂಳೆ ಬೇಗ ಸವೆಯುತ್ತದೆ, ಅದಕ್ಕೆ ರಾಗಿ, ಎಳ್ಳು, ಹಾಲು, ಮೊಸರು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಒಳ್ಳೆಯದು. ಇಲ್ಲಿನವರ ಅಗಸಿ ಹಿಂಡಿಯಲ್ಲೂ ಸೋಯಾದಲ್ಲೂ ಈಸ್ಟ್ರೋಜನ್ ಹೋಲುವ ಅಂಶ ಸ್ವಲ್ಪ ಇದೆ. ಕೆಲವರಿಗೆ ತುಸು ಆರಾಮ ಸಿಗುತ್ತದೆ, ಎಲ್ಲರಿಗೂ ಅಲ್ಲ. ಕರಿಜೀರಿಗೆಯಲ್ಲಿ ಶಿಫಾ ಇದೆ ಎಂಬ ಹದೀಸನ್ನು ನಾವು ಕಲಿಸುವವರೇ. ಅದನ್ನು ತಿನ್ನಿ, ಆದರೆ ಅದನ್ನೇ ನಂಬಿ ಡಾಕ್ಟರನ್ನು ಬಿಡಬೇಡಿ. ಮದ್ದು ಮಾಡಿಸಿಕೊಳ್ಳಿ ಎಂದು ಹೇಳಿದವರೂ ಅದೇ ಪ್ರವಾದಿ ಸ್ವಲ್ಲಲ್ಲಾಹು ಅಲೈಹಿ ವಸಲ್ಲಮರು. "ನ್ಯಾಚುರಲ್" ಎಂದು ಮಾರುವ ಹೆಸರಿಲ್ಲದ ಪುಡಿಗಳಿಂದ ದೂರ ಇರಿ.

ಇಷ್ಟಕ್ಕೂ ನಿದ್ದೆಯೇ ಇಲ್ಲ ಎನ್ನುವವರಿಗೆ ಹಾರ್ಮೋನು ಚಿಕಿತ್ಸೆ ಇದೆ. ಬಿಸಿ ಏರುವುದಕ್ಕೆ ಇದಕ್ಕಿಂತ ಪರಿಣಾಮಕಾರಿ ಮದ್ದಿಲ್ಲ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ನಂತರ ಜನ ಇದಕ್ಕೆ ಹೆದರಿದ್ದರು. 60 ವರ್ಷದ ಒಳಗಿನವರಿಗೆ, ಇಲ್ಲವೇ ಮುಟ್ಟು ನಿಂತು 10 ವರ್ಷ ಆಗದವರಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು ಎಂಬುದು ಈಗಿನ ತಜ್ಞರ ಅಭಿಪ್ರಾಯ. ಆದರೆ ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ಕಾಯಿಲೆ ಇದ್ದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಆಗದು. ಅವರಿಗೆ ಹಾರ್ಮೋನು ಇಲ್ಲದ ಮಾತ್ರೆಗಳೂ ಇವೆ. ಎಲ್ಲವೂ ಡಾಕ್ಟರ ಚೀಟಿಯ ಮೇಲೆಯೇ, ಪಕ್ಕದ ಮನೆಯವರ ಮಾತಿನ ಮೇಲೆ ಅಲ್ಲ.

ಇನ್ನೊಂದು ಎಚ್ಚರ. "ಗರ್ಭಕೋಶ ತೆಗೆಸಿಬಿಡಿ, ತಲೆನೋವೇ ಇಲ್ಲ" ಎನ್ನುವ ಮಾತು ನಮ್ಮ ಕಡೆ ಸುಲಭವಾಗಿ ಬರುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಂಗಸರಿಗೆ ಅನಗತ್ಯವಾಗಿ ಹೀಗೆ ಆಪರೇಷನ್ ಮಾಡಿದ್ದು 2015ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಅಂಡಾಶಯವನ್ನೂ ತೆಗೆದರೆ ಚಿಕ್ಕ ವಯಸ್ಸಿಗೇ ಋತುಬಂಧ ಬಂದು ಮೂಳೆ, ಹೃದಯ ಎರಡಕ್ಕೂ ಪೆಟ್ಟು. ತುರ್ತು ಇಲ್ಲದಿದ್ದರೆ ಇನ್ನೊಬ್ಬ ಡಾಕ್ಟರನ್ನೂ ಕೇಳಿ.

ಇನ್ನು ಮಸ್ಅಲ. ಮುಟ್ಟು ನಿಲ್ಲುವ ಮೊದಲಿನ ವರ್ಷಗಳಲ್ಲಿ ಲೆಕ್ಕ ತಪ್ಪುತ್ತದೆ. ನಮ್ಮ ಶಾಫಿಈ ಮದ್ಹಬಿನಲ್ಲಿ ಹೈಳಿನ ಗರಿಷ್ಠ ಅವಧಿ 15 ದಿನ, ಇಲ್ಲಿನ ಹನಫಿಗಳಿಗೆ 10 ದಿನ. ಅದು ಮೀರಿದರೆ ಇಸ್ತಿಹಾಳದ ವಿಧಿ ಬರುತ್ತದೆ. ಇಸ್ತಿಹಾಳ ಇರುವವಳು ನಮಾಝ್ ಬಿಡುವಂತಿಲ್ಲ. ಹಾಗಾಗಿ ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿಡಿ. ಆ ಗುರುತು ಉಸ್ತಾದರಿಗೂ ಬೇಕು, ಡಾಕ್ಟರಿಗೂ ಬೇಕು.

ಆಸ್ಪತ್ರೆ ದೂರ ಎನ್ನುವ ನೆಪ ಬೇಡ. ಮೊದಲು ತಾಲ್ಲೂಕು ಆಸ್ಪತ್ರೆಗೆ ತೋರಿಸಬಹುದು, ಹೆಚ್ಚಿನ ಪರೀಕ್ಷೆಗೆ ವಿಜಯಪುರಕ್ಕೆ ಬಸ್ಸಿದೆ. ಊರಿನ ಬ್ಯಾರಿ ಮನೆಗಳಿಗಂತೂ ಮಂಗಳೂರು, ದೇರಳಕಟ್ಟೆ ಹತ್ತಿರವೇ. 30 ದಾಟಿದ ಹೆಂಗಸರಿಗೆ ಬಿಪಿ, ಶುಗರ್, ಗರ್ಭಕೊರಳು ಮತ್ತು ಸ್ತನ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಉಮ್ಮ ಬಾಯಿಬಿಟ್ಟು ಹೇಳಲಿಕ್ಕಿಲ್ಲ. ಮಕ್ಕಳು, ಗಂಡಂದಿರು ನಾವೇ ಕೇಳಬೇಕು: "ರಾತ್ರಿ ನಿದ್ದೆ ಬರುತ್ತದಾ? ಡಾಕ್ಟರಲ್ಲಿಗೆ ಹೋಗುವನಾ?" ಎಷ್ಟೋ ವರ್ಷ ನಮಗಾಗಿ ಎದ್ದು ಕೂತವರ ಖಿದ್ಮತ್ ಮಾಡಲು ಇದೂ ಒಂದು ದಾರಿ. ಅಲ್ಲಾಹನು ನಮ್ಮ ಉಮ್ಮಂದಿರಿಗೆ ಆಫಿಯತ್ ಕೊಡಲಿ, ಆಮೀನ್.