ಕೂದಲೆಳೆ ತಪ್ಪಿದರೆ ನಟ್ ಕೂರದು

ಅಜ್ಜನ ಕಾಲದ ಬುಲೆಟ್ಟಿಗೆ ಮತ್ತೆ ಜೀವ ತುಂಬುವ ಉತ್ಸಾಹ. ಬಣ್ಣ ಆಯಿತು, ಸೀಟು ಆಯಿತು, ಎಂಜಿನ್ನೂ ಗುಡುಗತೊಡಗಿತು. ಕೊನೆಗೆ ಕೆಲಸ ನಿಲ್ಲುವುದು ಒಂದು ನಟ್ಟಿನ ಮುಂದೆ. ಮುಂದಿನ ಫೋರ್ಕಿನ ತಲೆಯ ಮೇಲೆ ಕೂರಬೇಕಾದ ನಟ್ ಕಳೆದುಹೋಗಿದೆ. ಗುಜರಿಯಿಂದ ತಂದದ್ದು ಎರಡು ಸುತ್ತು ಸಲೀಸಾಗಿ ಇಳಿಯುತ್ತದೆ, ಮೂರನೆಯದಕ್ಕೆ ಬಿಗಿಯುತ್ತದೆ. ತುಕ್ಕಿರಬಹುದೆಂದು ಸ್ಪ್ಯಾನರ್ ಹಾಕಿ ತಿರುವಿದರೆ ಮುಗಿಯಿತು. ದಶಕಗಳ ಕಾಲ ಬಾಳಿದ ಥ್ರೆಡ್ ಒಂದೇ ನಿಮಿಷದಲ್ಲಿ ಹಾಳು!

ಒಂದು ನಟ್ಟಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ? ಬೇಕು. ಫೋರ್ಕಿನೊಳಗಿನ ಸ್ಪ್ರಿಂಗನ್ನು ಅದುಮಿ ಹಿಡಿಯುವುದು ಈ ನಟ್. ಎಷ್ಟೋ ಮಾದರಿಗಳಲ್ಲಿ ಫೋರ್ಕ್ ಕೊಳವೆಯನ್ನು ಹ್ಯಾಂಡಲಿನ ಬುಡಕ್ಕೆ ಬಿಗಿಯುವುದೂ ಇದೇ. ಅರ್ಧಂಬರ್ಧ ಕಚ್ಚಿಕೊಂಡ ನಟ್ ಗುಂಡಿಬಿದ್ದ ರಸ್ತೆಯಲ್ಲಿ ಸಡಿಲಗೊಂಡರೆ ಮುಂದಿನ ಚಕ್ರ ಸವಾರನ ಮಾತು ಕೇಳದು.

ಗೊಂದಲದ ಮೂಲ ಇತಿಹಾಸದಲ್ಲಿದೆ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ ತಿರುಪುಮೊಳೆಗಳಿಗೆ ಒಂದು ಅಳತೆ ಗೊತ್ತುಪಡಿಸಿದ. ಗೆರೆಗಳ ನಡುವಿನ ಕೋನ 55 ಡಿಗ್ರಿ. ಮುಂದೆ ಸೈಕಲ್ ತಯಾರಕರು 60 ಡಿಗ್ರಿಯ ತಮ್ಮದೇ ಸಣ್ಣ ಥ್ರೆಡ್ ತಂದರು. ಅದರಲ್ಲಿ ಇಂಚಿಗೆ 26 ಗೆರೆಯದೇ ಹೆಚ್ಚು ಬಳಕೆ. ಬ್ರಿಟಿಷ್ ಮೋಟಾರ್ ಸೈಕಲ್ಲುಗಳು ಎರಡನ್ನೂ ಬಳಸಿದವು. 1955ರಲ್ಲಿ ಬುಲೆಟ್ ಮದರಾಸಿಗೆ ಬಂದಾಗ ಆ ಅಳತೆಗಳೂ ಜೊತೆಗೆ ಬಂದವು. ಭಾರತ 1958ರಿಂದ ಮೆಟ್ರಿಕ್ ಪದ್ಧತಿಗೆ ಹೊರಳಿತು. ಹೀಗಾಗಿ ಹಳೆಯ ಬುಲೆಟ್ಟೊಂದರಲ್ಲೇ ಎರಡು ಮೂರು ಬಗೆಯ ಥ್ರೆಡ್ ಸಿಕ್ಕರೆ ಆಶ್ಚರ್ಯವಿಲ್ಲ.

ಮೈಸೂರಿನ ಜಾವಾ, ಯೆಜ್ಡಿಗಳ ಕಥೆ ಬೇರೆ. 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಇವುಗಳ ಮೂಲ ಜೆಕೊಸ್ಲೊವಾಕಿಯಾ. ಅಲ್ಲಿನದು ಮಿಲಿಮೀಟರ್ ಲೆಕ್ಕ. 2018ರಲ್ಲಿ ಜಾವಾ ಹೆಸರು ಮತ್ತೆ ರಸ್ತೆಗಿಳಿಯಿತಾದರೂ ಆ ಹೊಸ ಬೈಕಿನ ಫೋರ್ಕ್ ಸಾಮಾನು ಹಳೆಯದಕ್ಕೆ ಆಗಿಬರದು.

ಮೋಸ ಹೋಗುವುದು ಎಲ್ಲಿ? ಇಂಚಿಗೆ 26 ಗೆರೆ ಎಂದರೆ ಗೆರೆಯಿಂದ ಗೆರೆಗೆ 0.977 ಮಿ.ಮೀ. ಮೆಟ್ರಿಕ್ಕಿನ ಸಣ್ಣ ಥ್ರೆಡ್ 1 ಮಿ.ಮೀ. ವ್ಯತ್ಯಾಸ ಕೂದಲೆಳೆಗಿಂತ ಕಡಿಮೆ. ಆದರೆ ಹತ್ತು ಗೆರೆ ಸೇರಿದಾಗ ಅದು ಕಾಲು ಮಿ.ಮೀ. ಹತ್ತಿರ ಬಂದು ನಟ್ಟನ್ನು ಕಚ್ಚಿ ನಿಲ್ಲಿಸುತ್ತದೆ. ಇಂಚಿಗೆ 20 ಗೆರೆಯದೂ (1.27 ಮಿ.ಮೀ.) ಮೆಟ್ರಿಕ್ಕಿನ 1.25 ಮಿ.ಮೀ. ಗೆರೆಯದೂ ಇಂಥದೇ ಅಣ್ಣತಮ್ಮಂದಿರ ಜಗಳ.

ಪತ್ತೆಹಚ್ಚುವ ದಾರಿ ಸುಲಭ, ತಾಳ್ಮೆ ಬೇಕು ಅಷ್ಟೆ. ಬಿಚ್ಚುವ ಮೊದಲು ಮುಂದಿನ ಚಕ್ರವನ್ನು ಎತ್ತಿ ಭಾರ ತೆಗೆಯಬೇಕು; ಕೊನೆಯ ಸುತ್ತಿನಲ್ಲಿ ಸ್ಪ್ರಿಂಗ್ ನಟ್ಟನ್ನು ಚಿಮ್ಮಿಸದಂತೆ ಅಂಗೈಯಿಂದ ಒತ್ತಿ ಹಿಡಿದಿರಬೇಕು. ಥ್ರೆಡ್ಡನ್ನು ಸೀಮೆಎಣ್ಣೆ, ತಂತಿ ಬ್ರಷ್ಷಿನಿಂದ ತಿಕ್ಕಿ, ವರ್ನಿಯರಿನಿಂದ ಹೊರ ವ್ಯಾಸ ನೋಡಬೇಕು. ಸವೆತದಿಂದ ಅದು ನಿಜ ಅಳತೆಗಿಂತ ತುಸು ಕಡಿಮೆಯೇ ಬರುತ್ತದೆ. ಒಳ ಥ್ರೆಡ್ ಆದರೆ ತೂತಿನ ಅಳತೆಗೆ ಸುಮಾರು ಒಂದು ಗೆರೆಯ ಅಂತರ ಕೂಡಿಸಬೇಕು. ಬಳಿಕ ಥ್ರೆಡ್ ಗೇಜಿನ ಹಲ್ಲುಗಳನ್ನು ಕೂರಿಸಿ ಬೆಳಕಿಗೆ ಹಿಡಿದರೆ, ಎಲ್ಲೂ ಬೆಳಕು ನುಸುಳದ ಎಲೆಯೇ ಸರಿಯಾದದ್ದು. ಗೇಜ್ ಇಲ್ಲವೆ? ಬಿಳಿ ಕಾಗದವನ್ನು ಥ್ರೆಡ್ಡಿಗೆ ಉದ್ದುದ್ದ ಒತ್ತಿ, ಮೂಡಿದ ಗೆರೆಗಳಲ್ಲಿ ಹತ್ತು ಅಂತರಗಳನ್ನು ಅಳೆಯಬಹುದು. 10 ಮಿ.ಮೀ. ಬಂದರೆ ಮೆಟ್ರಿಕ್, ಅದಕ್ಕಿಂತ ಕಾಲು ಮಿ.ಮೀ. ಕಡಿಮೆ ಬಂದರೆ ಸೈಕಲ್ ಥ್ರೆಡ್.

ಅಳತೆ ಸಿಕ್ಕ ಮೇಲೆ ಯಾವ ಒಳ್ಳೆಯ ಲೇತ್ ಕೆಲಸಗಾರನಾದರೂ ನಟ್ ಕಡೆದು ಕೊಡಬಲ್ಲ. ಪರೀಕ್ಷೆ ಮಾತ್ರ ಬೆರಳಿನಿಂದಲೇ ಆಗಬೇಕು. ಸರಿಯಾದ ನಟ್ ಕೊನೆಯವರೆಗೂ ಬರಿಗೈಗೆ ಇಳಿಯುತ್ತದೆ. ಸ್ಪ್ಯಾನರ್ ಇರುವುದು ಬಿಗಿಯುವುದಕ್ಕೆ, ಒಪ್ಪಿಸುವುದಕ್ಕಲ್ಲ.